ತೆಳ್ಳಗೆ ಹುಯ್ಯಬೇಕು

ಮಿನೆಸೋಟಾದ ನಮ್ಮ ಅದಿರಿನ ಊರಿಗೆ
ಪಾರ್ಕು ಖಾತೆಯ ಮೇಲಧಿಕಾರಿಯಾಗಿ
ಆರ್ಡಿಸ್ ಕ್ವಾಮ್ ಬಂದ ಮೊದಲ ಜನವರಿ,
ಪೈಪು ಹಿಡಿಯುವ ನಾವು ಆರು ಮಂದಿ
ಶೆಡ್ಡಿನ ಒಲೆಗೆ ಬೆನ್ನು ಕೊಟ್ಟು ಪಂದ್ಯ ಕಟ್ಟಿದೆವು.
ತಲೆಗೆ ಎರಡು ಡಾಲರು:
ಮಾರ್ಚಿನವರೆಗೆ ಇರುತ್ತಾಳೋ, ಇಲ್ಲವೋ.

ರಾತ್ರಿ ಹನ್ನೊಂದು. ಸೊನ್ನೆಗಿಂತ ಇಪ್ಪತ್ತು ಕೆಳಗೆ.
ಅಪ್ಪನದಿರಬೇಕು, ಮೊಣಕಾಲು ಮುಚ್ಚುವ ಕೋಟು ತೊಟ್ಟು
ಬಂದು ಕೇಳಿದಳು, ಇವತ್ತು ಯಾರ ಸರದಿ?
ನನ್ನದು.
ಪೈಪು ಕೊಟ್ಟೆ. ಬೀಳಲಿ ಎಂದೇ ಕೊಟ್ಟೆ.

ಹಿಂದಕ್ಕೆ ಹೆಜ್ಜೆಯಿಡುತ್ತ, ನೀರು ಬೀಸುತ್ತ,
ಮೈದಾನದ ಆ ತುದಿಯವರೆಗೆ ಹೋದಳು.
"ಒಂದೇ ಸಲ ಹುಯ್ದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು.
ಮಗು ಕಾಲಿಟ್ಟರೆ ಕಟಕ್ಕೆನ್ನುತ್ತದೆ.
ತೆಳ್ಳಗೆ ಹುಯ್ಯಿ. ಕಾಯಿ. ಮತ್ತೆ ಹುಯ್ಯಿ."
ನಮಗೂ ಗೊತ್ತಿದ್ದ ಮಾತೇ.
ನಾವು ಕಾಯುತ್ತಿರಲಿಲ್ಲ, ಅಷ್ಟೆ.

ಪುರಸಭೆಯಲ್ಲಿ ಅವಳ ಕೋಣೆ ಮೂರನೇ ಮಹಡಿ,
ಹೆಂಗಸರ ಶೌಚಾಲಯ ನೆಲಮಾಳಿಗೆ, ಬಾಯ್ಲರಿನ ಪಕ್ಕ.
ಬಜೆಟ್ಟಿನ ದಿನ ಇಳಿದು ಹತ್ತಿ ಬರುವಷ್ಟರಲ್ಲಿ
ಈಜುಕೊಳದ ದುಡ್ಡು ರಸ್ತೆಯ ಡಾಂಬರಾಗಿತ್ತು.
ಅಂದಿನಿಂದ ಸಭೆಯಿದ್ದರೆ ಕಾಫಿ ಮುಟ್ಟುತ್ತಿರಲಿಲ್ಲವಂತೆ.
ಅವಳು ಹೇಳಿದ್ದಲ್ಲ,
ಬಾಯ್ಲರು ಕಾಯುವ ಟೊಯ್ವೊ ಹೇಳಿದ್ದು.

"ಹುಲ್ಲು ತುಳಿಯಬಾರದು" ಹಲಗೆಗಳನ್ನೆಲ್ಲ ಕೀಳಿಸಿ
ಅದರಲ್ಲೇ ಹಿಮಕ್ಕೆ ಜಾರುಬಂಡಿ ಮಾಡಿಸಿದಳು.
ದಿಬ್ಬದಿಂದ ಕಿರುಚುತ್ತ ಇಳಿಯುವ ಮಕ್ಕಳ ಕುಂಡೆಯಡಿ
ಎಷ್ಟೋ ವರ್ಷ ಓದಬಹುದಿತ್ತು: ಬಾರದು.

ಹುಡುಗಿಯರ ಹಾಕಿಗೆ ಉಳಿದದ್ದು ಬೆಳಗಿನ ಐದು ಗಂಟೆ.
ಆಗಲಿ, ಎಂದಳು. ಐದಕ್ಕೇ ದೀಪ ಹಾಕಿಸಿದಳು.
ಯಾರೂ ಗೀಚದ ಐಸು.
ಮರುವರ್ಷ ಗಂಡುಹುಡುಗರೇ ಆ ಹೊತ್ತು ಬೇಕೆಂದು
ಅರ್ಜಿ ಹಾಕಿದರು. ಅರ್ಜಿಯನ್ನು ನೀಟಾಗಿ ಮಡಚಿ
ಕಿಟಕಿ ಅಲುಗದಂತೆ ಸಂದಿಗೆ ಸಿಕ್ಕಿಸಿದಳು.

ಒಮ್ಮೆ ಮಾತ್ರ ಪೂರಾ ಸೋತಳು.
ಗಣಿ ಬಾಯಿ ಅಗಲಿಸಿ ಬಡಗಣ ಪಾರ್ಕನ್ನು ನುಂಗಿತು.
ಉಯ್ಯಾಲೆ ಬಿಚ್ಚಲು ತಾನೇ ಸ್ಪ್ಯಾನರು ಹಿಡಿದು
ಸರಪಳಿ ಎಣಿಸಿ, ಹದಿನೆಂಟು, ಸಹಿ ಹಾಕಿದಳು.
ಅದು ಜೂನ್ ತಿಂಗಳು. ಆ ರಾತ್ರಿ ಶೆಡ್ಡಿಗೆ ಬಂದು
ಆರಿದ ಒಲೆಗೆ ಕೈ ಚಾಚಿ ಕೂತಿದ್ದಳು.
ಯಾರೂ ಏನೂ ಕೇಳಲಿಲ್ಲ.

ಇಪ್ಪತ್ತಮೂರು ವರ್ಷ.
ನಿವೃತ್ತಿಯ ದಿನ ಮೇಯರು, ಕೇಕಿನ ತಟ್ಟೆ ಹಿಡಿದು,
ಯಾವ ಪಾರ್ಕಿಗೆ ನಿಮ್ಮ ಹೆಸರಿಡೋಣ ಎಂದರು.
"ಹೆಸರು ಬೇಡ. ಮೂರನೇ ಮಹಡಿಗೊಂದು ಶೌಚಾಲಯ."
ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕಟ್ಟಿಸಿದರು.
ಫಲಕವಿಲ್ಲ. ಬಾಗಿಲು ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತದಂತೆ.

ಹೋಗುವಾಗ ಶೆಡ್ಡಿಗೆ ಬಂದು, ಡಬ್ಬಿ ಎಲ್ಲಿ, ಎಂದಳು.
ಗೊತ್ತಿತ್ತು ಅವಳಿಗೆ, ಮೊದಲ ವಾರದಿಂದಲೇ.
ಆ ಪಂದ್ಯ ಗೆದ್ದವರಿರಲಿಲ್ಲ. ಆರು ಮಂದಿಯೂ
ಇರುವುದಿಲ್ಲವೆಂದೇ ಕಟ್ಟಿದ್ದೆವು.
ಹನ್ನೆರಡು ಡಾಲರು ಎಣಿಸಿಕೊಂಡು, ಮೇಲೆ ತನ್ನದಿಷ್ಟು ಹಾಕಿ,
ಪೈಪಿಗೆ ಹೊಸ ಮೂತಿ ತಂದುಕೊಟ್ಟಳು.

ಹಿತ್ತಾಳೆಯದು.
ಈಗಲೂ ತೆಳ್ಳಗೆ ಹುಯ್ಯುತ್ತದೆ.