ಕೆಳಸಾಲಿಗೆ ಬಿದ್ದ ಸೊನ್ನೆ

ಎಸ್ಬಿಯರ್ಗ್ ಬಂದರಿನಲ್ಲಿ ಮೂರೂಮುಕ್ಕಾಲಿಗೇ ಕತ್ತಲು.
ಕಿಟಕಿಯಾಚೆ ಗಾಳಿಗಿರಣಿಯ ರೆಕ್ಕೆಗಳು
ಹಡಗು ಕಾಯುತ್ತ ಮಲಗಿವೆ,
ಒಂದೊಂದೂ ನಮ್ಮ ಕಚೇರಿಗಿಂತ ಉದ್ದ.
ನಾನು ಒಳಗೆ ಕೂತು
ಆಸ್ಪತ್ರೆಯೊಂದರ ಉಸಿರಿಗೆ ಅಳತೆ ಬರೆಯುತ್ತಿದ್ದೇನೆ.

ನಾನೂರ ಹನ್ನೆರಡು ಕೊಳವೆ. ಒಂದು ಪಟ್ಟಿ.
ಚಿತ್ರದಲ್ಲಿ ಎಲ್ಲವೂ ಸಾಧು: ಮೊಣಕೈ, ಕವಲು, ಮುಚ್ಚಳ.
ಪಟ್ಟಿಗೆ ಬಂದೊಡನೆ ಹಠ.
ತಂತ್ರಾಂಶಕ್ಕೆ ಅಳತೆಯೆಂದರೆ ಅಳತೆಯಲ್ಲ, ಬರಿಯ ಬರಹ.
ಹಾಗಾಗಿ ಸಾವಿರ ಮೊದಲು, ಆಮೇಲೆ ನೂರಿಪ್ಪತ್ತೈದು,
ಆಮೇಲೆ ಸಾವಿರದಿನ್ನೂರೈವತ್ತು, ನೂರರವತ್ತು, ಇನ್ನೂರು;
ಎಲ್ಲರಿಗಿಂತ ಗಿಡ್ಡ ಎಂಬತ್ತು
ತಡವಾಗಿ ಬಂದ ಹುಡುಗನಂತೆ ಕಟ್ಟಕಡೆಗೆ.

ದುಂಡು ಕೊಳವೆಗೆ ವ್ಯಾಸದ ಗುರುತು:
ಸೊನ್ನೆಯ ಮೈಮೇಲೆ ಓರೆ ಗೀರು, ø.
ಅಂಕಿಗಿಂತ ಮೊದಲು ಇಡು ಎಂದರೆ
ಬಾಲದಂತೆ ಹಿಂದೆ ಅಂಟಿಸುತ್ತದೆ.
ನಮ್ಮ ಡ್ಯಾನಿಶ್‌ನಲ್ಲಿ ಅದು ಅಕ್ಷರ.
ಅಕ್ಷರವಷ್ಟೇ ಅಲ್ಲ, ಇಡೀ ಪದ: ದ್ವೀಪ.
'ಓ' ಎನ್ನುವಂತೆ ತುಟಿ ದುಂಡಗೆ ಮಾಡಿ 'ಏ' ಎಂದರೆ ಸಾಕು,
ಸುತ್ತ ನೀರು ಬಂದು ನಿಲ್ಲುತ್ತದೆ.

ತಗಡಿನ ಕೆಲಸದ ಆಸ್ಗೆರ್ ಥುಯೆಸೆನ್ ಫ್ಯಾನೋ ದ್ವೀಪದವನು.
ಪಟ್ಟಿ ನೋಡಿ ಫೋನಿನಲ್ಲಿ:
"ಮುನ್ನೂರ ಹದಿನೈದು ದ್ವೀಪ ಕಳಿಸಿದ್ದೀಯಲ್ಲ ತೋವೆ,
ದೋಣಿ ಎಷ್ಟು ತರಲಿ?"

ನಗುತ್ತೇನೆ. ಹೋದ ಮಾರ್ಚಿನಲ್ಲಿ ನಗು ಬಂದಿರಲಿಲ್ಲ.

ಹಾಳೆಗೆ ಹಿಡಿಸಲೆಂದು ಕಾಲಮ್ಮನ್ನು ನಾನೇ ಕಿರಿದು ಮಾಡಿದ್ದೆ,
ಒಂದು ಕೂದಲೆಳೆಯಷ್ಟು.
1250×400, ಅದರ ಕೊನೆಯ ಸೊನ್ನೆ
ಜಾಗ ಸಾಲದೆ ಕೆಳಸಾಲಿಗೆ ಜಾರಿ
ಹಾಳೆಯ ಮಡಿಕೆಯಲ್ಲಿ ಕೂತಿತ್ತು, ನೊಣದ ಹಾಗೆ.

ಮಾಲ್ಟೆಗೆ ಹದಿನೇಳು. ಕೆಲಸ ಕಲಿಯಲು ಸೇರಿ ಎರಡನೇ ವಾರ.
ಪಟ್ಟಿಯಲ್ಲಿ ನಲವತ್ತು ಎಂದಿತ್ತು, ನಲವತ್ತೇ ಮಾಡಿದ:
ಸವಾ ಮೀಟರ್ ಅಗಲ, ಎರಡು ಬೆರಳು ಎತ್ತರ.
ಮೂಲೆ ಮಡಿಸಿ, ಅಂಚು ಉಜ್ಜಿ,
ರಬ್ಬರು ಸುತ್ತಿಗೆಯಿಂದ ತಟ್ಟಿ ತಟ್ಟಿ
ಸಂಜೆಯೊಳಗೆ ನಿಲ್ಲಿಸಿದ, ರಾಕ್ಷಸರ ಮನೆಯ ಅಂಚೆಪೆಟ್ಟಿಗೆಯ ಬಾಯಿ.

ಎಲ್ಲರೂ ಬಂದು ನೋಡಿದರಂತೆ. ಯಾರೂ ನಗಲಿಲ್ಲವಂತೆ,
ಅಷ್ಟು ಅಚ್ಚುಕಟ್ಟು ಕೆಲಸ.
ಆಸ್ಗೆರ್ ಕನ್ನಡಕವನ್ನು ಹಣೆಗೇರಿಸಿ
ಆ ಸೊನ್ನೆಯನ್ನು ಉಗುರಿನಿಂದ ಕೆರೆದು ನೋಡಿದನಂತೆ, ಕೊಳೆಯೋ ಎಂದು.
ಆಮೇಲೆ ನನಗೆ ಫೋನು:
"ಪಟ್ಟಿ ಹೇಳಿತು, ಹುಡುಗ ಮಾಡಿದ.
ಬೈಯುವುದಾದರೆ ನಿನ್ನನ್ನು. ಕಾಫಿ ಕುಡಿದೆಯಾ?"

ಈಗ ಅಗಲಕ್ಕೊಂದು ಕಾಲಂ, ಎತ್ತರಕ್ಕೊಂದು, ವ್ಯಾಸಕ್ಕೊಂದು.
ಅಂಕಿ ಅಂಕಿಯಾಗಿರಲಿ, ಎಂಬತ್ತು ಮುಂದೆ ಬರಲಿ.
ಮಿಲಿಮೀಟರ್ ಎಂದು ನಾನೂರ ಹನ್ನೆರಡು ಸಲ ಕೂಗುವುದೇಕೆ,
ತಲೆಬರಹದಲ್ಲಿ ಒಮ್ಮೆ ಹೇಳಿದರಾಯಿತು.
ಮೊದಲನೆಯದು ಕಣ್ಣಿಗೆ ಕಾಣುವ ಮಗ್ಗುಲು.
ತಿರುಗಿಸಿ ಬರೆದರೆ ಮಲಗಿದ ಕೊಳವೆ ಎದ್ದು ನಿಂತು
ತೊಲೆಗೆ ತಲೆ ಚಚ್ಚಿಕೊಳ್ಳುತ್ತದೆ.
ದುಂಡನೆಯದಕ್ಕೆ ಅಗಲವಿಲ್ಲ, ಆ ಮನೆ ಖಾಲಿ.
ಖಾಲಿ ಬಿಟ್ಟರೆ ಮರೆತಳು ಅಂದುಕೊಳ್ಳುತ್ತಾರೆ,
ಒಂದು ಅಡ್ಡಗೀಟು ಎಳೆದೆ.

ø ಮಾತ್ರ ಜಗ್ಗಲಿಲ್ಲ. ಇರಲಿ ಬಿಡು, ಬಾಲವಾಗಿಯೇ ಇರಲಿ.

ಮುಂದಿನ ವರ್ಷ ಮೂರನೇ ಮಹಡಿಯಲ್ಲಿ ಯಾರೋ
ಹೊಟ್ಟೆಯ ಹೊಲಿಗೆ ಮುಟ್ಟಿಕೊಳ್ಳುತ್ತ
ಛಾವಣಿ ನೋಡುತ್ತ ಮಲಗಿರುತ್ತಾರೆ.
ಅದರ ಹಿಂದೆ ಏನಿದೆಯೆಂದು ಅವರಿಗೆ ತಿಳಿಯದು.
ತಿಳಿಯಲೂ ಬಾರದು:
ಗಾಳಿ ಶಿಳ್ಳೆ ಹಾಕಿದಾಗಲೇ ಅಳತೆಯ ನೆನಪಾಗುವುದು.

ಮಾಲ್ಟೆಯ ಆ ಕೊಳವೆಯನ್ನು ಅಂಗಡಿಯ ದಕ್ಷಿಣದ ಗೋಡೆಗೆ ಸಿಕ್ಕಿಸಿ
ಬೇಸಿಗೆಯಲ್ಲಿ ಈರುಳ್ಳಿ ಹುಲ್ಲು ಬೆಳೆದಿದ್ದರು.
ಈಗ ಬರೀ ಮಣ್ಣು, ಮೇಲೆ ಹೆಪ್ಪುಗಟ್ಟಿದ ಇಬ್ಬನಿ.
ಅದರ ಬಿಲ್ಲು ಇನ್ನೂ ಬಂದಿಲ್ಲ.
ಕೇಳುವ ಧೈರ್ಯ ನನಗೂ ಇಲ್ಲ.