ತುಂಬಿದ್ದು, ನಡೆಯುತ್ತಿರುವುದು

ಕ್ರೂ ಜಂಕ್ಷನ್ನಿನ ವೇಳಾಪಟ್ಟಿ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಗೀಟು ಎಳೆದವನು ನಾನು.
ಗಾಡಿ ತಡವಾದರೆ ತಪ್ಪು ಗಾಡಿಯದು,
ಪಟ್ಟಿಯದಲ್ಲ.

ನಿವೃತ್ತನಾದ ಮೇಲೆ ಅರಸರನ್ನು ಹಿಡಿದೆ.
ಅಡುಗೆಮನೆಯ ಮೇಜಿನ ತುಂಬ ಚೌಕಳಿ ಕಾಗದ;
ಯೆಹೂದಕ್ಕೆ ನೀಲಿ ಶಾಯಿ, ಇಸ್ರಾಯೇಲಿಗೆ ಕೆಂಪು.
ರೆಹಬ್ಬಾಮ, ಯಾರೊಬ್ಬಾಮ: ಜೊತೆಗೇ ಹೊರಟ ಎರಡು ಗಾಡಿ.
ಯೇಹು ಬಿಲ್ಲೆತ್ತಿದ ದಿನ
ಎರಡೂ ಜೊತೆಗೇ ನಿಂತವು.
ಕೂಡಿದರೆ ನೀಲಿಗೆ ತೊಂಬತ್ತೈದು ವರ್ಷ,
ಕೆಂಪಿಗೆ ತೊಂಬತ್ತೆಂಟು.
ಬಾಷನಂತೂ ಸತ್ತು ಹತ್ತು ವರ್ಷಕ್ಕೆ
ದಂಡೆತ್ತಿ ಬರುತ್ತಾನೆ!
ಏಳೇ ದಿನ ಆಳಿ, ಅರಮನೆಗೆ ಬೆಂಕಿಯಿಟ್ಟು
ಅದರೊಳಗೇ ಸುಟ್ಟುಹೋದ ಜಿಮ್ರಿಯನ್ನು
ಯಾವ ಚೌಕದಲ್ಲೂ ಕೂರಿಸಲಾಗಲಿಲ್ಲ.

ಮಿಲ್ಕಾ ಬಟಾಣಿ ಸುಲಿಯುತ್ತ ಕೇಳಿದಳು:
"ತುಂಬಿದ್ದು ಬರದಾರೋ, ನಡಿಯೋದು ಬರದಾರೋ?
ಬೆಟಗೇರಿಯಾಗ ನಮ್ಮಜ್ಜಿ ಅಂತಿದ್ಲು,
ಎಪ್ಪತ್ತು ತುಂಬಿ ಎಪ್ಪತ್ತೊಂದು ನಡದೈತಿ ಅಂತ.
ಒಂದೂರಾಗ ಹಂಗ, ಇನ್ನೊಂದೂರಾಗ ಹಿಂಗ ಎಣಿಸಿದ್ರ
ಅರಸರಾದ್ರೇನು, ಲೆಕ್ಕ ಕೂಡ್ತದೇನು?"

ಪಂಡಿತರು ನಾನೂರು ಪುಟ ಸವೆಸಿ ಮುಟ್ಟಿದ ಜಾಗಕ್ಕೆ
ಒಂದು ಬೋಗುಣಿ ಬಟಾಣಿಯಲ್ಲಿ ಹೋಗಿಬಂದಿದ್ದಳು.
ಸತ್ತವನ ಕೊನೆಯ ವರ್ಷವೇ
ಪಟ್ಟಕ್ಕೆ ಬಂದವನ ಮೊದಲ ವರ್ಷ:
ಕೆಂಪಿನವರು ಒಂದೇ ತಟ್ಟೆಯನ್ನು
ಎರಡು ಸಲ ಉಂಡಿದ್ದರು.

ಈಗ ಫೆಬ್ರುವರಿ. ಕಲ್ಲುಕುಟಿಗ ಹ್ಯಾಂಪ್ಸನ್
ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೇಳುತ್ತಾನೆ,
ಎಷ್ಟು ವರ್ಷದ ಹೆಂಡತಿ ಎಂದು ಕೆತ್ತಲಿ?
ನಲವತ್ತೆಂಟು, ಅಂದೆ.
"ಅಮ್ಮ ಯಾವಾಗಲೂ ನಲವತ್ತೈದು ಅನ್ನೋಳು,"
ಅಂದಳು ಮಗಳು ದೀನಾ, ಕಿಟಕಿಯ ಕಡೆ ತಿರುಗಿ.

ಅದೇ ಮೂರು.

ನಾನಿಲ್ಲಿ, ಗೂಡ್ಸ್ ಯಾರ್ಡಿನ ಹಿಂದಿನ ಬಾಡಿಗೆ ಕೋಣೆಯಲ್ಲಿ;
ಅವಳಲ್ಲಿ, ಮಿಶನ್ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ.
ತಿಂಗಳಿಗೊಂದು ಕಾಗದ. ಅದರಲ್ಲಿ ಹವಾಮಾನ.
ಆ ವರ್ಷಗಳನ್ನು ನಾನು ಕೂಡಿಕೊಂಡಿದ್ದೆ,
ಅವಳು ಕೂಡಿರಲಿಲ್ಲ.
ಒಂದೇ ಮೇಜಿನಲ್ಲಿ ಇಷ್ಟು ಕಾಲ ಉಂಡೆವು,
ಸತ್ತ ಅರಸರ ಲೆಕ್ಕ ಕೇಳಿದೆ ಅವಳನ್ನು,
ಅವಳದನ್ನು ಕೇಳಲಿಲ್ಲ.

ಹ್ಯಾಂಪ್ಸನ್ ಕಾಯುತ್ತಿದ್ದಾನೆ.
ಅಕ್ಷರಕ್ಕಿಷ್ಟು ದರ, ಅಂಕಿಗೂ ಅಷ್ಟೇ.
ಅವಳದನ್ನೇ ಕೆತ್ತು, ಅಂದೆ.

ಮನೆಗೆ ಬಂದು, ಕೋಟು ಬಿಚ್ಚದೆ,
ಜಿಮ್ರಿಗೊಂದು ಚೌಕ ಬಿಡಿಸಿದೆ.
ಏಳು ದಿನ. ಕೆಂಪಲ್ಲ, ನೀಲಿಯಲ್ಲ,
ಪೆನ್ಸಿಲಿನಲ್ಲಿ.