ಚೂಡಿ

ಮಿನಿಟಿಗೆ ಆರು ಹನಿ, ಅಂದ್ರು ಸಲೋಮಿ ಸಿಸ್ಟರ್.
ಕೈಗಡಿಯಾರ ನೋಡಿ ಎಣಿಸಿಕೊಂಡೇ ಬಂದಿದ್ರು
ಸಲಾಯಿನ್ ಬಾಟಲಿ ಎಣಿಸಿದಂಗ.
ಚಿತ್ತಾಪುರದ ದವಾಖಾನಿಯಿಂದ ಕಲಬುರಗಿ ತನಕ
ರೋಡಿಗೆಲ್ಲ ಎಣ್ಣಿ ಚುಕ್ಕಿ ಇಟಗೋತ ಬಂದಿತ್ತು
ಅವರ ಹಳೇ ಬಿಳಿ ಹೋಂಡಾ.

ಫರಸಿ ಮ್ಯಾಲ ಗೋಣಿ ಹಾಸಿ ಒಳಗ ಸರದೆ.
ಚೇಂಬರಿನ ತಳದ ಬೋಲ್ಟು
ಬರೀ ಬೆರಳಿಗೇ ತಿರಗ್ತು, ತಿರಗ್ತು, ತಿರಗೇ ತಿರಗ್ತು,
ಎಲ್ಲೂ ಹಿಡೀಲಿಲ್ಲ.
ನನಗ ಗೊತ್ತಿತ್ತು.
ಹೋದ ಶ್ರಾವಣದಾಗ ಎಣ್ಣಿ ಬದಲಿ ಮಾಡಿದಾಂವ ನಾನೇ.
ಪಾನಾದ ಹಿಡಿಕಿಗಿ ನೀರಿನ ಪೈಪು ತುರುಕಿ
ಎರಡೂ ಕಾಲು ಗ್ವಾಡಿಗಿ ಒತ್ತಿ
ಇನ್ನೊಂದು ಸುತ್ತು, ಇನ್ನರ್ಧ, ಅಂತ
ತೋಳಿನ ತಾಕತ್ತು ತೋರಿಸಿದ್ದೆ.
ಯಾರಿಗಿ? ನೋಡೋರು ಒಬ್ಬರೂ ಇರಲಿಲ್ಲ.
ಕಡೀಕ ಒಳಗ ಏನೋ ಮೆತ್ತಗಾತು,
ಹಣ್ಣಾದ ಬಾರಿ ಹಲ್ಲಿಗೆ ಸಿಕ್ಕಂಗ.
ಅದನ್ನ ಬಿಗಿ ಅಂತ ತಿಳದೆ.
ತಿಳದೆ ಅನ್ನೂದೂ ಸುಳ್ಳು.

ಗೌಸುದ್ದೀನ್ ಉಸ್ತಾದರು ಬೋಲ್ಟು ಇಸಗೊಂಡು
ಬಾಗಲದ ಬೆಳಕಿಗಿ ಹಿಡದ್ರು.
ಅದರ ಸಂದಿನಾಗ ಜರಿ ಎಳಿ ಹಂಗ
ಚೇಂಬರಿನ ಅಲ್ಯುಮಿನಿಯಂ ಸುತಗೊಂಡಿತ್ತು.
ಚೂಡಿ ಹೋಗ್ಯಾವ, ಅಂದ್ರು.
ಪಿರಿಗೂ ಅವರು ಚೂಡಿ ಅಂತಾರ, ಬಳಿಗೂ ಚೂಡಿ.
ಬಿಗದವರು ಯಾರು ಅಂತ ಕೇಳಲಿಲ್ಲ.
ಕೇಳಲಿಲ್ಲಂತೇ ನನ್ನ ಕಿವಿ ಕಾದವು.

ಹೊಸ ಚೇಂಬರು ಹೈದರಾಬಾದಿಂದ ಬರಬೇಕು,
ರೊಕ್ಕ ಕೇಳಿ ಸಿಸ್ಟರ್ ಪರ್ಸಿನ ಬಾಯಿ ಮುಚ್ಚಿದ್ರು.
ಬ್ಯಾಡ, ಅಂದ್ರು ಉಸ್ತಾದರು, ಹಳೇದಕ್ಕೇ ಹೊಸ ಚೂಡಿ ತೊಡಸೂಣು.

ಹೋದದ್ದನ್ನ ಮೊದಲು ಪೂರಾ ಕೊರದು ತಗೀಬೇಕು.
ತೂತು ಇನ್ನೂ ದೊಡ್ಡದಾತು,
ನನ್ನ ತಪ್ಪೂ ಅಷ್ಟೇ ಅಗಲಾಗಿ ಕಂಡಿತು.
ಟ್ಯಾಪಿಗಿ ಗ್ರೀಸ್ ಮೆತ್ತು, ಪುಡಿ ಒಳಗ ಬೀಳಬಾರದು.
ಅರ್ಧ ಸುತ್ತು ಮುಂದ, ಪಾವು ಸುತ್ತು ಹಿಂದ.
ಅರ್ಧ ಮುಂದ, ಪಾವು ಹಿಂದ.
ಅರ್ಧ ಮುಂದ, ಅರ್ಧ ಮುಂದ,
ಹಿಡಿಕಿ ಮ್ಯಾಲ ಅವರ ಕೈ ಬಂದು ಕುಂತಿತು.

ಮಕ್ತಂಪುರದ ಓಣ್ಯಾಗ ಬಳಿ ಮಾರತಿದ್ದಳು ನಮ್ಮ ಅಮ್ಮಿ,
ಅಂದ್ರು, ಕಾರಿನ ಬುಡಕ ಮಕ್ಕೊಂಡು, ಮ್ಯಾಲ ನೋಡಿಗೋತ.
ಕಲ್ಲು ಹೊತ್ತ ಕೈ ಬರತಿದ್ದವು, ಹಿಟ್ಟು ನಾದಿದ ಕೈ,
ಬಳಿ ಮಾತ್ರ ಎಲ್ಲಾರಿಗೂ ಸಣ್ಣವೇ ಬೇಕು.
ಅಕಿ ಒತ್ತತಿದ್ದಿಲ್ಲ.
ಸೊಸಿ ಹೆಂಗಿದ್ದಾಳ, ಜ್ವಾಳ ಹೆಂಗ ಬಂದಾವ, ಅಂತ ಕೇಳಿಗೋತ
ಹೆಬ್ಬಟ್ಟಿನ ಬುಡ ತಿಕ್ಕಿಗೋತ ಕುಂದರತಿದ್ದಳು.
ಕೈ ತಾನೇ ಮರತು ಸಣ್ಣಾಗತಿತ್ತು.
ತೊಡಸೂ ಮುಂದ ಒಡದ್ರ
ಒಡದ ಬಳಿ ಬಳಿಗಾರ್ತಿ ಲೆಕ್ಕಕ್ಕ.

ಉಕ್ಕಿನ ಸುರುಳಿ ಒಂದೊಂದೇ ಸುತ್ತು ಒಳಗ ಇಳೀತು.
ಅದರ ಬಾಲ ಟಕ್ ಅಂತ ಮುರದು ಚಿಮಟಿಲೆ ತಗದ್ರು.
ಒಂದಿಷ್ಟು ಎಣ್ಣಿ ಸುರುವಿ ತೊಳದ್ವಿ.
ತಾಂಬ್ರದ ಹೊಸ ವಾಸರು, ಹೊಸ ಬೋಲ್ಟು.
ಪಾನಾ ನನ್ನ ಕೈಯಾಗೇ ಕೊಟ್ರು.
ಪೈಪು ಎಲ್ಲಿಟ್ಟಿ ಅಂತಷ್ಟೇ ಕೇಳಿದ್ರು.

ಸ್ಟೂಲಿನ ಮ್ಯಾಲ ಕುಂತಿದ್ದ ಸಿಸ್ಟರ್
ಯಾರಿಗೂ ಅಲ್ಲದಂಗ ಹೇಳಿದ್ರು:
ನೌಕರಿ ಸೇರಿದ ವರ್ಷ ಒಬ್ಬಾಕಿ ಮುದುಕಿಗಿ
ನಾಕು ಸಲ ಸೂಜಿ ಚುಚ್ಚಿದೆ, ನರ ಸಿಗಲಿಲ್ಲ.
ನಾನೇ ಅತ್ತೆ. ಅಕಿ ಎದ್ದು ನನಗ ನೀರು ಕೊಟ್ಟಳು.
ನಾನು ಏನಾರ ಅನಬೇಕಿತ್ತು.
ಕೈ ಒರಸಿಗೋತ ನಿಂತೆ, ಒರಸಿದ್ದನ್ನೇ ಒರಸಿಗೋತ.

ರಾತ್ರಿ ಕಾರು ಗ್ಯಾರೇಜಿನಾಗೇ ಇತ್ತು,
ಬುಡಕ ಒಂದು ರಟ್ಟು ಹಾಸಿ ಬಂದಿದ್ದೆ.
ಮುಂಜಾನಿ ಹುಮನಾಬಾದ ರಿಂಗ್ ರೋಡಿನಾಗ
ಇನ್ನೂ ಲಾರಿ ದೀಪ ಆರಿರಲಿಲ್ಲ,
ಓಡಿ ಹೋಗಿ ಬಗ್ಗಿ ನೋಡಿದೆ.
ರಟ್ಟಿನ ಮ್ಯಾಲ ಒಂದು ಹಸಿ ಚುಕ್ಕಿ.
ಎದಿ ಧಸಕ್ ಅಂತು.
ಬೆರಳಿಲೆ ಮುಟ್ಟಿ ಮೂಸಿದೆ:
ಚಹಾ.
ಇನ್ನೂ ಬೆಚ್ಚಗಿತ್ತು.
ನನಗಿಂತ ಮೊದಲೇ ಬಂದು
ಇಲ್ಲೇ, ತುದಿಗಾಲ ಮ್ಯಾಲ ಕುಂತು,
ಬಗ್ಗಿ ನೋಡಿ ಹೋಗ್ಯಾರ ಯಾರೋ.